ಇಂಜಿನ್ ಪ್ರಶ್ನೋತ್ತರ: ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದಿಲ್ಲದ ಟ್ಯಾಪೆಟ್‌ಗೆ ಹೆದರಿ

ಹೋದ ಸಂಚಿಕೆಯಲ್ಲಿ ಕಂಪ್ರೆಷನ್, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಗಾಳಿಯನ್ನು ಒತ್ತುವುದರ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ವಾಲ್ವ್ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಪೂರ್ತಿ ವಾಲ್ವ್, ವಾಲ್ವ್ ಸ್ಪ್ರಿಂಗ್, ಹೆಡ್ ಕೆಲಸ. ಹೆಡ್ ಅಂದರೆ ಸಿಲಿಂಡರಿನ ಮುಚ್ಚಳ, ವಾಲ್ವ್ ಅಂದರೆ ಅದರಲ್ಲಿ ಗಾಳಿ ಒಳಗೆ (ಇಂಟೇಕ್), ಹೊಗೆ ಹೊರಗೆ (ಎಕ್ಸಾಸ್ಟ್) ಬಿಡುವ ಬಾಗಿಲು, ಟ್ಯಾಪೆಟ್ ಅಂದರೆ ವಾಲ್ವ್ ಕಡ್ಡಿಯ ತುದಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಸಂದು ಹೊಂದಿಸುವ ಸ್ಕ್ರೂ. ಮೊದಲ ಪ್ರಶ್ನೆಗೆ ಉದ್ದವಾಗಿ ಬರೆದಿದ್ದೇನೆ. ಮಿಕ್ಕವರೂ ಅದನ್ನು ಓದಿಕೊಳ್ಳಿ, ಯಾಕೆಂದರೆ ಕೆಲಸದ ಕ್ರಮ ಎಲ್ಲ ಇಂಜಿನ್‌ಗಳಲ್ಲೂ ಹೆಚ್ಚುಕಮ್ಮಿ ಒಂದೇ.

ಪ್ರಶ್ನೆ: ಸರ್, ನಾನು ಮೂಡಿಗೆರೆ ಹತ್ತಿರ ಕಾಫಿ ತೋಟದಲ್ಲಿ ರೈಟರ್. ನನ್ನ ಸ್ಪ್ಲೆಂಡರ್ 2008ರದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಒಂದು ನಿಮಿಷ ನೀಲಿ ಹೊಗೆ ಬರುತ್ತದೆ, ಆಮೇಲೆ ನಿಲ್ಲುತ್ತದೆ. ಚಾರ್ಮಾಡಿ ಘಾಟಿ ಇಳಿದು ಕೆಳಗೆ ಆಕ್ಸಿಲರೇಟರ್ ತಿರುಗಿಸಿದರೆ ಮತ್ತೆ ಬುಸ್ ಅಂತ ಒಂದು ಸಲ ಹೊಗೆ. ಮಾಮೂಲಿ ರಸ್ತೆಯಲ್ಲಿ ಏನೂ ಇಲ್ಲ. ಮೆಕ್ಯಾನಿಕ್ ಬೋರ್ (ಸಿಲಿಂಡರಿನ ಒಳಗೋಡೆ), ಪಿಸ್ಟನ್ ಎರಡೂ ಹೋಗಿದೆ ಅಂತಾರೆ. ಮನೆಯಲ್ಲಿ ಸ್ಪ್ಯಾನರ್ ಸೆಟ್ ಇದೆ. ನಾನೇ ಹೆಡ್ ಇಳಿಸಿ ನೋಡಬಹುದಾ?

ಉತ್ತರ: ಬೋರ್ ಮಾಡಿಸೋಕೆ ಈಗಲೇ ಒಪ್ಪಬೇಡಿ. ನೀವು ಬರೆದ ಲಕ್ಷಣ ವಾಲ್ವ್ ಸೀಲ್‌ದು, ಅಂದರೆ ವಾಲ್ವ್ ಕಡ್ಡಿಯ ಸುತ್ತ ಆಯಿಲ್ ತಡೆಯುವ ರಬ್ಬರ್‌ದು. ರಾತ್ರಿಯೆಲ್ಲ ಗಾಡಿ ನಿಂತಿರುವಾಗ ಹೆಡ್‌ನಲ್ಲಿರುವ ಆಯಿಲ್ ವಾಲ್ವ್ ಕಡ್ಡಿ ಹಿಡಿದು ಹನಿಹನಿಯಾಗಿ ಕೆಳಗೆ ಇಳಿಯುತ್ತದೆ, ಬೆಳಿಗ್ಗೆ ಅದು ಸುಟ್ಟು ಹೋಗುವ ತನಕ ಹೊಗೆ. ಘಾಟಿ ಇಳಿಯುವಾಗ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟಿರುತ್ತೀರಿ ಅಲ್ವಾ, ಆಗ ಇಂಟೇಕ್ ಕಡೆ ಜೋರಾದ ಎಳೆತ ಹುಟ್ಟುತ್ತದೆ. ಗಾಳಿ ಬರೋಕೆ ದಾರಿ ಇಲ್ಲ, ಪಿಸ್ಟನ್ ಎಳೆಯುತ್ತಲೇ ಇರುತ್ತದೆ, ಸವೆದ ಸೀಲ್ ದಾಟಿ ಆಯಿಲ್ ಒಳಗೆ ಹೋಗುತ್ತದೆ. ಪಿಸ್ಟನ್ ರಿಂಗ್ ಹೋಗಿದ್ದರೆ ಲೋಡ್ ಬಿದ್ದಾಗಲೆಲ್ಲ, ಅಂದರೆ ಘಾಟಿ ಹತ್ತುವಾಗ ಬಿಡದೆ ಹೊಗೆ ಬರಬೇಕಿತ್ತು. ನಿಮಗೆ ಇಳಿದ ಮೇಲೆ ಬರುತ್ತಿದೆ. ಈ ವ್ಯತ್ಯಾಸ ಸಾವಿರಾರು ರೂಪಾಯಿ ಉಳಿಸುತ್ತದೆ.

ಖಾತ್ರಿಗೆ ಒಂದು ಪರೀಕ್ಷೆ ಮಾಡಿ. ಪ್ಲಗ್ ಬಿಚ್ಚಿ ಗೇಜ್ ಹಾಕಿ ಕಂಪ್ರೆಷನ್ ಎಷ್ಟಿದೆ ನೋಡಿ. ಆಮೇಲೆ ಅದೇ ತೂತಿಗೆ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒಂದೇ ಸಲಕ್ಕೆ ಜಾಸ್ತಿ ಆದರೆ ಸೋರಿಕೆ ರಿಂಗ್ ಕಡೆ. ಎರಡು ಸಲವೂ ಒಂದೇ ತರ ಕಡಿಮೆ ಇದ್ದರೆ ವಾಲ್ವ್ ಕಡೆ. ಎರಡು ಸಲವೂ ಚೆನ್ನಾಗಿದ್ದರೆ ಬರೀ ಸೀಲ್ ಹೋಗಿದೆ ಅಂತ ಲೆಕ್ಕ.

ಇನ್ನು ಹೆಡ್ ಇಳಿಸುವ ವಿಷಯ. ಸ್ಪ್ಲೆಂಡರ್ ಕಲಿಯೋಕೆ ಒಳ್ಳೆ ಇಂಜಿನ್. 97.2 ಸಿಸಿ, ಒಂದು ಸಿಲಿಂಡರ್, ಎರಡೇ ವಾಲ್ವ್. ಇಂಜಿನ್ ಪೂರ್ತಿ ತಣ್ಣಗಾಗಿರಬೇಕು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಶುರು ಮಾಡಿದರೆ ಇನ್ನೂ ಒಳ್ಳೆಯದು. ಬಿಸಿ ಅಲ್ಯೂಮಿನಿಯಂ ಹೆಡ್‌ನ ನಟ್ ಬಿಚ್ಚಿದರೆ ಹೆಡ್ ಸೊಟ್ಟ ಆಗಬಹುದು. ಮ್ಯಾಗ್ನೆಟ್ ಕಡೆಯ ಕವರ್ ಬಿಚ್ಚಿ ಟಿ ಗುರುತನ್ನು (ಪಿಸ್ಟನ್ ಪೂರ್ತಿ ಮೇಲಿದೆ ಅನ್ನುವ ಗುರುತು) ಕೇಸಿನ ಗುರುತಿಗೆ ಹೊಂದಿಸಿ. ಎರಡೂ ಟ್ಯಾಪೆಟ್ ಸ್ವಲ್ಪ ಸಡಿಲ ಇರಬೇಕು. ಒಂದು ಬಿಗಿಯಾಗಿದ್ದರೆ ಅದು ಎಕ್ಸಾಸ್ಟ್ ಮುಗಿಯುವ ಹೊತ್ತು, ಇನ್ನೊಂದು ಸುತ್ತು ತಿರುಗಿಸಿ. ಕ್ಯಾಮ್ (ರಾಕರ್ ಮೂಲಕ ವಾಲ್ವ್ ತೆರೆಸುವ ಉಬ್ಬಿನ ದಂಡ) ತಿರುಗಿಸುವ ಗೇರಿನ ಗುರುತು ಹೆಡ್‌ನಲ್ಲಿ ಯಾವುದಕ್ಕೆ ಎದುರಾಗಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕ್ಯಾಮ್ ಗೇರ್ ಬಿಚ್ಚಿದ ಕೂಡಲೇ ಟೈಮಿಂಗ್ ಚೈನ್‌ಗೆ ಒಂದು ತಂತಿ ಕಟ್ಟಿ ಮೇಲೆ ಸಿಕ್ಕಿಸಿ. ಚೈನ್ ಒಳಗೆ ಬಿದ್ದರೆ ಅರ್ಧ ದಿನ ಹೋಯಿತು.

ಹೆಡ್ ನಟ್‌ಗಳನ್ನು ಒಂದೇ ಸಲ ಬಿಚ್ಚಬಾರದು. ಮೊದಲು ಸಣ್ಣ ಬೋಲ್ಟ್, ಆಮೇಲೆ ದೊಡ್ಡ ನಟ್‌ಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಸಡಿಲಿಸುತ್ತ ಬನ್ನಿ. ಯಾವ ನಟ್, ಯಾವ ವಾಷರ್ ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ಎಲ್ಲಾದರೂ ತಾಮ್ರದ ವಾಷರ್ ಸಿಕ್ಕರೆ ಅದು ಆಯಿಲ್ ಹೊರಗೆ ಬರದ ಹಾಗೆ ತಡೆಯೋಕೆ ಇಟ್ಟಿದ್ದು, ಅದರ ಜಾಗ ಬದಲಾಗಬಾರದು. ನಾನು ಇದಕ್ಕೆಲ್ಲ ಮೊಟ್ಟೆ ಟ್ರೇ ಬಳಸುತ್ತೇನೆ. ಒಂದೊಂದು ಗುಳಿಗೆ ಒಂದೊಂದು ಸಾಮಾನು, ಪಕ್ಕದಲ್ಲಿ ಪೆನ್ನಿನಲ್ಲಿ ಹೆಸರು. ಹೆಡ್ ಅಂಟಿಕೊಂಡಿದ್ದರೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ, ಗ್ಯಾಸ್ಕೆಟ್ (ಸೋರದ ಹಾಗೆ ನಡುವೆ ಇಡುವ ಹಾಳೆ) ಕೂರುವ ಜಾಗದಲ್ಲಿ ಒಂದು ಗೀರು ಬಿದ್ದರೂ ಮುಂದೆ ಅಲ್ಲಿಂದಲೇ ಸೋರುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿ.

ಕ್ಯಾಮ್, ರಾಕರ್ ತೆಗೆದ ಮೇಲೆ ಸ್ಪ್ರಿಂಗ್ ಸರದಿ. ಇಲ್ಲಿ ದಯವಿಟ್ಟು ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್ ತಂದುಕೊಳ್ಳಿ, ಬಾಡಿಗೆಗಾದರೂ ಸರಿ. ಸ್ಪ್ರಿಂಗ್ ಮೇಲೆ ಬಾಕ್ಸ್ ಸ್ಪ್ಯಾನರ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಲಾಕ್ (ಸ್ಪ್ರಿಂಗನ್ನು ವಾಲ್ವ್ ಕಡ್ಡಿಗೆ ಹಿಡಿದಿಡುವ ಹೋಳುಗಳು) ಹಾರಿಸುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಲಾಕ್ ಎಲ್ಲಿ ಹಾರುತ್ತದೋ ಗೊತ್ತಾಗಲ್ಲ, ವಾಲ್ವ್ ಬೆಂಡ್ ಆದರೆ ಅದೂ ತಕ್ಷಣ ಕಾಣಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕಂಪ್ರೆಸರ್ ಬಿಗಿ ಮಾಡುವಾಗ ಲಾಕ್ ಸಡಿಲ ಆಗುವಷ್ಟು ಮಾತ್ರ ಒತ್ತಿ, ಅದಕ್ಕಿಂತ ಜಾಸ್ತಿ ಒತ್ತಿದರೆ ಸ್ಪ್ರಿಂಗ್‌ಗೆ ಸುಮ್ನೆ ಶಿಕ್ಷೆ. ಎರಡು ಹೋಳಿನ ಲಾಕ್ ಅನ್ನು ಮ್ಯಾಗ್ನೆಟ್‌ನಲ್ಲಿ ಎತ್ತಿಕೊಳ್ಳಿ.

ಈಗ ವಾಲ್ವ್ ಹೊರಗೆ ತಳ್ಳುವ ಮೊದಲು ಒಂದು ನಿಮಿಷ ನಿಲ್ಲಿ. ಕಡ್ಡಿಯ ತುದಿಯನ್ನು ಬೆರಳಲ್ಲಿ ಸವರಿ ನೋಡಿ. ರಾಕರ್ ಹೊಡೆದು ಹೊಡೆದು ಅಂಚು ಅಗಲವಾಗಿ ಮೊಳೆಯ ತಲೆಯ ಹಾಗೆ ಆಗಿರುತ್ತದೆ. ಅದನ್ನು ಹಾಗೇ ಎಳೆದರೆ ಗೈಡ್ (ಕಡ್ಡಿ ಓಡಾಡುವ ಕೊಳವೆ) ಒಳಗೆ ಉದ್ದಕ್ಕೂ ಗೀರಿಕೊಂಡು ಬರುತ್ತದೆ. ಸಾಣೆಕಲ್ಲಿನಲ್ಲಿ ಅಂಚು ತೀಡಿ ನಯ ಮಾಡಿ, ಆಮೇಲೆ ತೆಗೆಯಿರಿ. ಕೈಯಲ್ಲಿ ತಳ್ಳಿದರೆ ಬರಬೇಕು. ಬರದಿದ್ದರೆ ಅಂಚು ಇನ್ನೂ ಇದೆ ಅಂತ ಅರ್ಥ, ಸುತ್ತಿಗೆ ಎತ್ತಬೇಡಿ.

ವಾಲ್ವ್ ಕೈಗೆ ಬಂದ ಮೇಲೆ ಮಸಿ ತೆಗೆದು ಬೆಳಕಿಗೆ ಹಿಡಿಯಿರಿ. ಸೀಟ್ (ಹೆಡ್‌ನಲ್ಲಿ ವಾಲ್ವ್ ಬಂದು ಮುಚ್ಚುವ ಅಂಚು) ಮೇಲೆ ಕೂರುವ 45 ಡಿಗ್ರಿಯ ಓರೆ ಮುಖದಲ್ಲಿ ಗುಳಿ, ಸುಟ್ಟ ಕಲೆ, ಬಿರುಕು ಇದೆಯಾ ನೋಡಿ. ತಲೆಯ ಅಂಚು ದಪ್ಪವಾಗಿರಬೇಕು. ಚಾಕುವಿನ ಹಾಗೆ ಚೂಪಾಗಿದ್ದರೆ ಎಸೆಯಿರಿ, ಅದು ಬೇಗ ಕೆಂಪಗೆ ಕಾದು ಸುಡುತ್ತದೆ. ಕಡ್ಡಿಯನ್ನು ಕನ್ನಡಿ ಮೇಲೆ ಉರುಳಿಸಿ, ಬೆಂಡ್ ಇದ್ದರೆ ಕೆಳಗೆ ಬೆಳಕು ಇಣುಕುತ್ತದೆ. ಸವೆತ ಅಳೆಯೋಕೆ ಮೈಕ್ರೋಮೀಟರ್ ಬೇಕು. ವರ್ನಿಯರ್ ಸಾಲದು, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಮಿಲಿಮೀಟರಿನ ನೂರನೇ ಭಾಗಗಳು. ಮೇಲೆ, ನಡುವೆ, ಕೆಳಗೆ, ಮೂರು ಕಡೆ ಅಳೆದು ಗೈಡ್ ಒಳಗೆ ಹೋಗದ ಸವೆಯದ ಜಾಗದ ಅಳತೆಗೆ ಹೋಲಿಸಿ. ಗೈಡ್ ನೋಡೋಕೆ ವಾಲ್ವ್ ಅನ್ನು ಒಂದು ಸೆಂಟಿಮೀಟರಿನಷ್ಟು ಮೇಲೆತ್ತಿ ಅಕ್ಕಪಕ್ಕ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಬರೀ ಸೀಲ್ ಹಾಕಿ ಪ್ರಯೋಜನ ಇಲ್ಲ, ಹೊಸ ಸೀಲನ್ನೂ ಅದು ತಿಂದುಬಿಡುತ್ತದೆ. ಗೈಡ್ ಬದಲಾಯಿಸೋದು ಹೆಡ್ ಕಾಯಿಸಿ ಮಾಡುವ ಕೆಲಸ, ಆಮೇಲೆ ರೀಮರ್ ಹೊಡೆದು (ತೂತನ್ನು ಅಳತೆಗೆ ತಂದು) ಸೀಟ್ ಮತ್ತೆ ಕತ್ತರಿಸಬೇಕು. ಅದನ್ನು ಹೆಡ್ ಕೆಲಸ ಮಾಡುವ ಲೇತ್ ಅಂಗಡಿಗೆ ಕೊಡಿ.

ಎಲ್ಲ ಸರಿ ಇದ್ದರೆ ಲ್ಯಾಪಿಂಗ್, ಅಂದರೆ ವಾಲ್ವ್ ಮತ್ತು ಸೀಟ್ ಒಂದಕ್ಕೊಂದು ಕೂರುವ ಹಾಗೆ ಅರೆಯುವುದು. ಓರೆ ಮುಖಕ್ಕೆ ಗ್ರೈಂಡಿಂಗ್ ಪೇಸ್ಟ್ ಅಲ್ಲಲ್ಲಿ ಚುಕ್ಕಿ ಇಟ್ಟು, ರಬ್ಬರ್ ಕಪ್ ಇರುವ ಕೋಲನ್ನು ವಾಲ್ವ್ ತಲೆಗೆ ಅಂಟಿಸಿ, ಕಡಗೋಲಿನಲ್ಲಿ ಮಜ್ಜಿಗೆ ಕಡೆಯುವ ಹಾಗೆ ಎರಡು ಅಂಗೈ ನಡುವೆ ಆ ಕಡೆ ಈ ಕಡೆ ತಿರುಗಿಸಿ. ಏಳೆಂಟು ಸಲ ತಿರುಗಿಸಿದ ಮೇಲೆ ಎತ್ತಿ, ಸ್ವಲ್ಪ ಜಾಗ ಬದಲಿಸಿ, ಮತ್ತೆ ಕೂರಿಸಿ. ಗುಳಿ ಇದ್ದರೆ ಮಾತ್ರ ದಪ್ಪ ಪೇಸ್ಟ್, ಇಲ್ಲದಿದ್ದರೆ ನೇರ ನಯ ಪೇಸ್ಟ್. ಸುತ್ತಲೂ ಎಲ್ಲೂ ಕಡಿಯದ ಬೂದಿ ಬಣ್ಣದ ಒಂದು ಉಂಗುರ ಕಾಣುವ ತನಕ ಮಾಡಿ, ಅಷ್ಟಕ್ಕೆ ನಿಲ್ಲಿಸಿ. ಇಂಥ ಸಣ್ಣ ಇಂಜಿನ್‌ನಲ್ಲಿ ಆ ಉಂಗುರ 1 ಮಿಮೀ ಆಸುಪಾಸು ಇದ್ದರೆ ಚೆಂದ. ತುಂಬ ಅಗಲ ಆದರೆ ಒತ್ತಡ ಹಂಚಿಹೋಗಿ ಮಸಿ ಸಿಕ್ಕಿಕೊಳ್ಳುತ್ತದೆ. ಕೆಲವು ಹೊಸ ಗಾಡಿಗಳ ವಾಲ್ವ್ ಮೇಲೆ ಗಟ್ಟಿ ಲೇಪ ಇರುತ್ತದೆ, ಅವುಗಳಿಗೆ ಲ್ಯಾಪಿಂಗ್ ಮಾಡಬಾರದು ಅಂತ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತಾರೆ. ಮೊದಲು ಅದನ್ನು ಓದಿ.

ಪೇಸ್ಟ್ ತೊಳೆಯುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಕೆಲಸ ಕಲಿತ ಗ್ಯಾರೇಜಿನಲ್ಲಿ ಒಂದು ಹೆಡ್ ಅನ್ನು ಬಟ್ಟೆಯಲ್ಲಿ ಒರೆಸಿ ಹಾಗೇ ಕೂರಿಸಿದ್ದರು. ಮೂರು ತಿಂಗಳಲ್ಲಿ ಗಾಡಿ ವಾಪಸ್ ಬಂತು, ಎರಡೂ ಗೈಡ್ ಗಡಗಡ ಆಡುತ್ತಿದ್ದವು. ಪೇಸ್ಟ್ ಅಂದರೆ ಅರೆಯುವ ಪುಡಿ. ಅದು ಗೈಡ್ ಒಳಗೆ ಒಂದು ಚೂರು ಉಳಿದರೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಆ ಗಾಡಿ ಒಬ್ಬ ಪೇಪರ್ ಹಾಕುವ ಹುಡುಗನದು. ಅವನ ಮುಖ ನನಗೆ ಇವತ್ತಿಗೂ ನೆನಪಿದೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಗೈಡ್ ಒಳಗೆ ಬ್ರಷ್ ಹಾಕಿ, ಸೋಪಿನ ಬಿಸಿನೀರಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿ, ತಕ್ಷಣ ಆಯಿಲ್ ಸವರಿ.

ಜೋಡಿಸುವಾಗ ಹೊಸ ಸೀಲ್ ಹಾಕಿ, ಹಳೆಯದು ನೋಡೋಕೆ ಎಷ್ಟೇ ಚೆನ್ನಾಗಿದ್ದರೂ ಬೇಡ. ಕೆಲವು ಇಂಜಿನ್‌ನಲ್ಲಿ ಇಂಟೇಕ್ ಕಡೆ ಮಾತ್ರ ಸೀಲ್ ಇರುತ್ತದೆ, ಬಿಚ್ಚುವಾಗಲೇ ಗಮನಿಸಿ. ಕಡ್ಡಿಗೆ ಆಯಿಲ್ ಹಚ್ಚಿ ತಿರುಗಿಸುತ್ತ ಮೆಲ್ಲಗೆ ತೂರಿಸಿ, ಇಲ್ಲದಿದ್ದರೆ ಲಾಕ್ ಕೂರುವ ಗೆರೆಯ ಅಂಚು ಸೀಲಿನ ತುಟಿಯನ್ನು ಕೊಯ್ಯುತ್ತದೆ. ಸ್ಪ್ರಿಂಗ್ ಕೂರಿಸಿ, ಕಂಪ್ರೆಸರ್ ಹಾಕಿ, ಲಾಕ್ ಹೋಳುಗಳಿಗೆ ಚೂರು ಗ್ರೀಸ್ ಹಚ್ಚಿದರೆ ಅವು ಕಡ್ಡಿಗೆ ಅಂಟಿಕೊಂಡು ನಿಲ್ಲುತ್ತವೆ. ಕಂಪ್ರೆಸರ್ ತೆಗೆದ ಮೇಲೆ ಹೆಡ್ ಕೆಳಗೆ ಎರಡು ಮರದ ತುಂಡು ಕೊಟ್ಟು, ವಾಲ್ವ್ ನೆಲಕ್ಕೆ ತಗಲದ ಹಾಗೆ ಇಟ್ಟು, ಕಡ್ಡಿಯ ತುದಿಗೆ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಎರಡು ಸಲ ಮೆಲ್ಲಗೆ ತಟ್ಟಿ. ಲಾಕ್ ಅರೆಬರೆ ಕೂತಿದ್ದರೆ ಇಲ್ಲೇ ಗೊತ್ತಾಗುತ್ತದೆ. ಓಡುವಾಗ ಬಿಟ್ಟುಕೊಂಡರೆ ವಾಲ್ವ್ ಪಿಸ್ಟನ್ ಮೇಲೆ ಬೀಳುತ್ತದೆ, ಇಂಜಿನ್ ಕಥೆ ಅಲ್ಲಿಗೆ ಮುಗಿಯಿತು.

ಆಮೇಲೆ ಸೋರಿಕೆ ಪರೀಕ್ಷೆ. ಪೋರ್ಟ್ (ಗಾಳಿ, ಹೊಗೆ ಹೋಗುವ ದ್ವಾರ) ಮೇಲೆ ಬರುವ ಹಾಗೆ ಹೆಡ್ ಹಿಡಿದು ಸೀಮೆಎಣ್ಣೆ ತುಂಬಿಸಿ, ಒಂದೆರಡು ನಿಮಿಷ ಬಿಟ್ಟು ವಾಲ್ವ್ ತಲೆಯ ಸುತ್ತ ಒದ್ದೆ ಆಗಿದೆಯಾ ನೋಡಿ. ಆಗಿದ್ದರೆ ಮತ್ತೆ ಬಿಚ್ಚಿ ಲ್ಯಾಪ್ ಮಾಡಿ. ಬೇಜಾರಾಗುತ್ತದೆ, ನಿಜ. ಆದರೆ ಹೆಡ್ ಕೈಯಲ್ಲಿರುವಾಗ ಬಿಚ್ಚುವುದು ಗಾಡಿಗೆ ಏರಿಸಿದ ಮೇಲೆ ಬಿಚ್ಚುವುದಕ್ಕಿಂತ ಎಷ್ಟೋ ವಾಸಿ.

ಹೊಸ ಗ್ಯಾಸ್ಕೆಟ್ ಹಾಕಿ, ನಟ್‌ಗಳನ್ನು ಎದುರುಬದುರಾಗಿ ಎರಡು ಮೂರು ಹಂತದಲ್ಲಿ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ಟೈಮಿಂಗ್ ಗುರುತು ನೋಡಿ, ಕಿಕ್ಕರ್ ಒತ್ತುವ ಮೊದಲು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಎಲ್ಲೂ ತಡೆಯಬಾರದು. ಟ್ಯಾಪೆಟ್ ಇಂಜಿನ್ ತಣ್ಣಗಿರುವಾಗ ಸೆಟ್ ಮಾಡಿ. ಹಳೆ ಸ್ಪ್ಲೆಂಡರ್‌ಗೆ ಎರಡೂ ಕಡೆ 0.05 ಮಿಮೀ, ಆದರೂ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. 500 ಕಿಮೀ ಓಡಿದ ಮೇಲೆ ಮತ್ತೆ ಪರೀಕ್ಷಿಸಿ, ಹೊಸದಾಗಿ ಕೂತ ವಾಲ್ವ್ ಸ್ವಲ್ಪ ಇಳಿದಿರುತ್ತದೆ.

ಪ್ರಶ್ನೆ: ರಾಣೆಬೆನ್ನೂರು ಕಡೆಯ ರೈತ ನಾನು. ಹೊಲದಲ್ಲಿ 5 ಎಚ್‌ಪಿ ಕಿರ್ಲೋಸ್ಕರ್ ಡೀಸೆಲ್ ಪಂಪ್‌ಸೆಟ್ ಇದೆ. ಒಂದೇ ವರ್ಷದಲ್ಲಿ ಎರಡು ಸಲ ಎಕ್ಸಾಸ್ಟ್ ವಾಲ್ವ್ ಸುಟ್ಟಿತು. ಎರಡು ಸಲವೂ ಹೊಸ ವಾಲ್ವ್ ಹಾಕಿಸಿದೆ. ಡೂಪ್ಲಿಕೇಟ್ ಸಾಮಾನು ಇರಬಹುದಾ?

ಉತ್ತರ: ಇರಬಹುದು, ಆದರೆ ನನ್ನ ಅನುಮಾನ ಬೇರೆ ಕಡೆ. ಹೊಸ ವಾಲ್ವ್ ಹಾಕಿದಾಗ ಸೀಟ್ ಕತ್ತರಿಸಿದರಾ? ಟ್ಯಾಪೆಟ್ ಗೇಜ್ ಹಾಕಿ ನೋಡಿದರಾ, ಅಥವಾ ಬೆರಳಲ್ಲಿ ಆಡಿಸಿ ಸಾಕು ಅಂದರಾ?

ಲೆಕ್ಕ ಹೀಗಿದೆ. ನಿಮ್ಮದು ಎವಿ1 ಮಾದರಿ ಆಗಿದ್ದರೆ 80 ಮಿಮೀ ಬೋರ್, 110 ಮಿಮೀ ಸ್ಟ್ರೋಕ್, ನಿಮಿಷಕ್ಕೆ 1500 ಸುತ್ತು. ಎರಡು ಸುತ್ತಿಗೆ ಒಂದು ಸಲ ವಾಲ್ವ್ ತೆರೆಯುತ್ತದೆ, ಅಂದರೆ ನಿಮಿಷಕ್ಕೆ 750 ಸಲ. ಎಂಟು ಗಂಟೆ ನೀರು ಹಾಯಿಸಿದರೆ 3 ಲಕ್ಷ 60 ಸಾವಿರ ಸಲ. ಲೋಡ್ ಜಾಸ್ತಿ ಇದ್ದಾಗ ಎಕ್ಸಾಸ್ಟ್ ವಾಲ್ವ್ ತಲೆ 700 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಅಷ್ಟು ಕಾದದ್ದು ತಣ್ಣಗಾಗುವುದು ಹೇಗೆ? ಸೀಟ್ ಮೇಲೆ ಕೂತಾಗ. ಶಾಖದ ಹೆಚ್ಚಿನ ಪಾಲು ಆ ಸಣ್ಣ ಉಂಗುರದ ಮೂಲಕವೇ ಹೆಡ್‌ಗೆ ಹೋಗುತ್ತದೆ, ಉಳಿದದ್ದು ಕಡ್ಡಿ, ಗೈಡ್ ಮೂಲಕ. ಉರಿ ಒಲೆಯಿಂದ ತೆಗೆದ ಸೌಟನ್ನು ನೀರಿಗೆ ಅದ್ದಿದ ಹಾಗೆ ಅಂದುಕೊಳ್ಳಿ. ಪೂರ್ತಿ ಅದ್ದದೆ ಎತ್ತಿದರೆ ಅದು ಕಾದೇ ಇರುತ್ತದೆ.

ಈಗ ಟ್ಯಾಪೆಟ್ ಬಿಗಿಯಾಗಿದೆ ಅನ್ನಿ. ಇಂಜಿನ್ ಬಿಸಿಯಾದಾಗ ವಾಲ್ವ್ ಕಡ್ಡಿ ಉದ್ದ ಆಗುತ್ತದೆ. ಸಂದು ಇಲ್ಲದಿದ್ದರೆ ರಾಕರ್ ಅದನ್ನು ಒತ್ತಿಯೇ ಹಿಡಿದಿರುತ್ತದೆ, ವಾಲ್ವ್ ಪೂರ್ತಿ ಕೂರುವುದಿಲ್ಲ. ಕೂರದಿದ್ದರೆ ಶಾಖ ಹೋಗಲ್ಲ, ಜೊತೆಗೆ ಉರಿಯುವ ಗಾಳಿ ಆ ಸಂದಿನಲ್ಲೇ ನುಗ್ಗುತ್ತದೆ. ಗ್ಯಾಸ್ ಕಟ್ಟರ್ ಹಿಡಿದ ಹಾಗೆ ವಾಲ್ವ್ ಅಂಚು ಒಂದು ಕಡೆ ಕೊರೆದುಹೋಗುತ್ತದೆ. ನಿಮ್ಮ ಹಳೆ ವಾಲ್ವ್ ಇನ್ನೂ ಇದ್ದರೆ ನೋಡಿ. ಒಂದೇ ಕಡೆ ತುಂಡು ಕಚ್ಚಿದ ಹಾಗೆ ಹೋಗಿದ್ದರೆ ಇದೇ ಕಾರಣ, ಅಥವಾ ಸವೆದ ಹಳೆ ಸೀಟ್ ಮೇಲೆ ಹೊಸ ವಾಲ್ವ್ ಸೊಟ್ಟ ಕೂತಿದೆ. ಗೈಡ್ ಸವೆದು ವಾಲ್ವ್ ಓರೆಯಾಗಿ ಇಳಿದರೂ ಹೀಗೇ ಆಗುತ್ತದೆ.

ಹಾಗಾಗಿ ಮೂರನೇ ವಾಲ್ವ್ ತರುವ ಮೊದಲು ಹೆಡ್ ಅನ್ನು ಲೇತ್‌ಗೆ ಕೊಟ್ಟು ಗೈಡ್ ನೋಡಿಸಿ, ಸೀಟ್ ಕತ್ತರಿಸಿ. ಟ್ಯಾಪೆಟ್ ಸಂದು ಎಷ್ಟು ಅಂತ ಇಂಜಿನ್ ಜೊತೆ ಬಂದ ಪುಸ್ತಕದಲ್ಲಿ ಇದೆ, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿಯೇ ಸೆಟ್ ಮಾಡಿಸಿ. ಕೈಯಲ್ಲಿ ಹ್ಯಾಂಡಲ್ ಹೊಡೆಯೋಕೆ ಡಿಕಂಪ್ರೆಷನ್ ಲಿವರ್ ಇದೆ ಅಲ್ವಾ, ಅದು ವಾಲ್ವ್ ಅನ್ನು ಒತ್ತಿ ತೆರೆದಿಡುವ ಏರ್ಪಾಟು. ಸ್ಟಾರ್ಟ್ ಆದ ಮೇಲೆ ಅದು ಪೂರ್ತಿ ಹಿಂದಕ್ಕೆ ಬರುತ್ತಿದೆಯಾ ಅಂತಲೂ ನೋಡಿ. ತುಕ್ಕು ಹಿಡಿದು ಅರ್ಧಕ್ಕೆ ನಿಂತರೆ ಬಿಗಿ ಟ್ಯಾಪೆಟ್‌ನ ಕೆಲಸವನ್ನೇ ಅದು ಮಾಡುತ್ತದೆ.

ಪ್ರಶ್ನೆ: ಬೆಂಗಳೂರಲ್ಲಿ ಎಲ್‌ಪಿಜಿ ಆಟೊ ಓಡಿಸ್ತೀನಿ. ಮೊದಲು ಟ್ಯಾಪೆಟ್ ಟಿಕ್ ಟಿಕ್ ಅಂತಿತ್ತು. ಈಗ ತಾನಾಗಿಯೇ ಸದ್ದು ನಿಂತಿದೆ. ಆದರೆ ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ, ಸಿಗ್ನಲ್‌ನಲ್ಲಿ ಆಫ್ ಆಗುತ್ತೆ. ಸದ್ದು ಹೋಗಿದ್ದು ಒಳ್ಳೇದಲ್ವಾ?

ಉತ್ತರ: ಅಲ್ಲ. ಇವತ್ತೇ ತೋರಿಸಿ. ಗ್ಯಾಸ್ ಒಣ ಇಂಧನ. ಅದರಲ್ಲಿ ಓಡುವ ಇಂಜಿನ್‌ನಲ್ಲಿ ಸೀಟ್ ಬೇಗ ಸವೆಯುತ್ತದೆ, ಅದರಲ್ಲೂ ಎಕ್ಸಾಸ್ಟ್ ಕಡೆ. ಸೀಟ್ ಸವೆದಷ್ಟೂ ವಾಲ್ವ್ ಆ ಹೆಡ್‌ನ ಒಳಕ್ಕೆ ಹುದುಗುತ್ತದೆ, ಹುದುಗಿದಷ್ಟೂ ಅದರ ಕಡ್ಡಿಯ ತುದಿ ರಾಕರ್ ಕಡೆ ಏರುತ್ತದೆ, ಏರಿದಷ್ಟೂ ಟ್ಯಾಪೆಟ್ ಸಂದು ಮುಚ್ಚುತ್ತದೆ. ಅದಕ್ಕೇ ಸದ್ದು ಹೋಗಿದ್ದು. ಸಂದು ಜಾಸ್ತಿ ಆದರೆ ಸದ್ದು ಬರುತ್ತದೆ, ಸ್ವಲ್ಪ ಪಿಕಪ್ ಹೋಗುತ್ತದೆ, ತಕ್ಷಣಕ್ಕೆ ಏನೂ ಸುಡುವುದಿಲ್ಲ. ಸಂದು ಮುಚ್ಚಿದರೆ ಸದ್ದೇ ಇಲ್ಲದೆ ವಾಲ್ವ್ ಸುಡುತ್ತದೆ. ಸ್ಟಾರ್ಟಿಂಗ್ ಕಷ್ಟ ಆಗುತ್ತಿರುವುದು ಈಗಾಗಲೇ ಕಂಪ್ರೆಷನ್ ಸೋರುತ್ತಿರುವುದಕ್ಕೆ. ಬೇಗ ಹೋದರೆ ಬರೀ ಟ್ಯಾಪೆಟ್ ಸೆಟ್ ಮಾಡಿ ಮುಗಿಯಬಹುದು.

ಇದೇ ತೊಂದರೆ ಹಿಂದೆ ಹಳೆ ಅಂಬಾಸಿಡರ್‌ಗಳಿಗೂ ಬಂದಿತ್ತು. 2000ನೇ ಇಸವಿ ಫೆಬ್ರವರಿ 1ರಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂತು. ಜನರ ಆರೋಗ್ಯಕ್ಕೆ ಅದು ತುಂಬ ಒಳ್ಳೆ ಕೆಲಸ. ಆದರೆ ಪೆಟ್ರೋಲಿನ ಸೀಸ ಸುಟ್ಟು ಸೀಟ್ ಮೇಲೆ ತೆಳು ಪದರ ಆಗಿ ಕೂತು ಅದನ್ನು ಕಾಯುತ್ತಿತ್ತು. ಎರಕದ ಕಬ್ಬಿಣದ ಹೆಡ್‌ನಲ್ಲೇ ನೇರ ಕೊರೆದ ಮೆತ್ತನೆ ಸೀಟ್‌ಗಳು ಆ ಪದರ ಹೋದ ಮೇಲೆ ಸವೆಯೋಕೆ ಶುರುವಾದವು. ಪರಿಹಾರ ಗಟ್ಟಿ ಸ್ಟೀಲಿನ ಸೀಟ್ ರಿಂಗ್ ಹೊಡೆಸುವುದು. ನಿಮ್ಮ ಆಟೊಗೂ ಮುಂದೊಂದು ದಿನ ಅದೇ ಬೇಕಾಗಬಹುದು.

ಪ್ರಶ್ನೆ: ಮೈಸೂರಿನವನು. ಅಪ್ಪ ಬಿಟ್ಟುಹೋದ ಯೆಜ್ಡಿ ರೆಡಿ ಮಾಡಿಸುತ್ತಿದ್ದೇನೆ. ವಾಲ್ವ್ ಕೆಲಸಕ್ಕೆ ಎಷ್ಟು ಇಟ್ಟುಕೊಳ್ಳಬೇಕು?

ಉತ್ತರ: ಏನೂ ಇಡಬೇಡಿ. ನಿಮ್ಮ ಊರಿನಲ್ಲೇ 1996ರ ತನಕ ತಯಾರಾದ ಆ ಗಾಡಿಗಳು ಟು ಸ್ಟ್ರೋಕ್. ಅವುಗಳ ಹೆಡ್‌ನಲ್ಲಿ ವಾಲ್ವ್, ಸ್ಪ್ರಿಂಗ್, ಕ್ಯಾಮ್ ಯಾವುದೂ ಇಲ್ಲ. ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಯಾರಾದರೂ ಅದಕ್ಕೆ ವಾಲ್ವ್ ಕೆಲಸದ ಬಿಲ್ ಕೊಟ್ಟರೆ ಬೇರೆ ಕಡೆ ಹೋಗಿ. ಆ ದುಡ್ಡನ್ನು ಕ್ರ್ಯಾಂಕ್ ಸೀಲ್ ಮತ್ತು ಎಕ್ಸಾಸ್ಟ್ ಕಿಂಡಿಯ ಮಸಿ ತೆಗೆಸೋಕೆ ಹಾಕಿ. ಅಪ್ಪನ ಗಾಡಿ ಉಳಿಸಿಕೊಳ್ಳುತ್ತಿದ್ದೀರಿ, ತುಂಬ ಸಂತೋಷ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಐಟಿಐ ಓದುತ್ತಿದ್ದೇನೆ. ಸ್ಪ್ರಿಂಗ್ ಮುರಿಯದಿದ್ದರೆ ಅದನ್ನು ಪರೀಕ್ಷಿಸುವ ಅಗತ್ಯ ಇದೆಯಾ? ಒಂದರೊಳಗೆ ಒಂದು ಎರಡು ಸ್ಪ್ರಿಂಗ್ ಯಾಕೆ? ಯಾವ ಕಡೆ ಕೆಳಗೆ?

ಉತ್ತರ: ಒಳ್ಳೆ ಪ್ರಶ್ನೆಗಳು. ಅಗತ್ಯ ಇದೆ, ಯಾಕೆಂದರೆ ಸ್ಪ್ರಿಂಗ್ ಮುರಿಯುವ ಮೊದಲು ಸೋಲುತ್ತದೆ. 6000 ಆರ್‌ಪಿಎಂನಲ್ಲಿ ಒಂದು ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ತೆರೆಯುವುದು ಕ್ಯಾಮ್, ಮುಚ್ಚುವುದು ಸ್ಪ್ರಿಂಗ್. ಅದಕ್ಕೆ ಶಕ್ತಿ ಕಡಿಮೆ ಆದರೆ ಜೋರಾಗಿ ಓಡುವಾಗ ವಾಲ್ವ್ ಕ್ಯಾಮ್ ಜೊತೆ ಹಿಂದಕ್ಕೆ ಬರಲಾರದು, ತೇಲಿದ ಹಾಗೆ ತೆರೆದೇ ಉಳಿಯುತ್ತದೆ. ಗಾಡಿ ಒಂದು ವೇಗದ ಮೇಲೆ ಎಳೆಯುವುದೇ ಇಲ್ಲ. ಇದನ್ನು ಕಾರ್ಬುರೇಟರ್ ದೋಷ ಅಂದುಕೊಂಡು ವಾರಗಟ್ಟಲೆ ಜೆಟ್ ಬದಲಾಯಿಸುತ್ತ ಕೂರುವವರು ಬಹಳ.

ಪರೀಕ್ಷೆ ಸುಲಭ. ಒತ್ತದೆ ಇಟ್ಟಾಗಿನ ಉದ್ದ ಅಳೆದು ಮ್ಯಾನ್ಯುಯಲ್‌ನ ಮಿತಿಗೆ ಹೋಲಿಸಿ, ಇದಕ್ಕೆ ವರ್ನಿಯರ್ ಸಾಕು. ಚಪ್ಪಟೆ ಗಾಜಿನ ಮೇಲೆ ನಿಲ್ಲಿಸಿ ಪಕ್ಕದಲ್ಲಿ ಟ್ರೈ ಸ್ಕ್ವೇರ್ ಇಡಿ, ಸುತ್ತ ತಿರುಗಿಸಿ. ಮೇಲೆ ಓರೆಯಾಗಿ ದೂರ ಸರಿದರೆ ಅದು ವಾಲ್ವ್ ಅನ್ನು ಒಂದೇ ಪಕ್ಕಕ್ಕೆ ತಳ್ಳಿ ಗೈಡ್ ಸವೆಸುತ್ತದೆ. ತುಕ್ಕಿನ ಚುಕ್ಕಿ, ಗೀರು ಇದ್ದರೂ ಬೇಡ, ಬಿರುಕು ಹುಟ್ಟುವುದೇ ಅಲ್ಲಿಂದ. ನಿಮ್ಮ ವರ್ಕ್‌ಶಾಪಿನಲ್ಲಿ ಸ್ಪ್ರಿಂಗ್ ಟೆಸ್ಟರ್ ಇದ್ದರೆ ಹೇಳಿದ ಉದ್ದಕ್ಕೆ ಒತ್ತಿದಾಗ ಎಷ್ಟು ಭಾರ ತೋರಿಸುತ್ತದೆ ಅಂತಲೂ ನೋಡಿ. ಉದ್ದ ಸರಿ ಇದ್ದೂ ಶಕ್ತಿ ಕಡಿಮೆ ಇರುವ ಸ್ಪ್ರಿಂಗ್‌ಗಳಿವೆ.

ಎರಡು ಸ್ಪ್ರಿಂಗ್ ಇಡುವುದಕ್ಕೆ ಕಾರಣ, ಪ್ರತಿ ಸ್ಪ್ರಿಂಗ್‌ಗೂ ತನ್ನದೇ ಒಂದು ನಡುಗುವ ಲಯ ಇರುತ್ತದೆ. ಇಂಜಿನ್ ವೇಗ ಆ ಲಯಕ್ಕೆ ಹೊಂದಿದರೆ ಸ್ಪ್ರಿಂಗ್ ಹಿಡಿತ ತಪ್ಪಿ ಕುಣಿಯುತ್ತದೆ. ಒಳಗೊಂದು ಹೊರಗೊಂದು ಬೇರೆ ಬೇರೆ ಲಯದವು ಇದ್ದರೆ ಎರಡೂ ಒಟ್ಟಿಗೆ ಕುಣಿಯಲ್ಲ. ಸಾಮಾನ್ಯವಾಗಿ ಅವನ್ನು ಎದುರು ದಿಕ್ಕಿಗೆ ಸುತ್ತಿರುತ್ತಾರೆ, ಒಂದರ ಸುತ್ತು ಇನ್ನೊಂದರ ಸಂದಿಗೆ ಸಿಕ್ಕಿಕೊಳ್ಳಬಾರದು ಅಂತ. ಒಂದು ಮುರಿದರೂ ಇನ್ನೊಂದು ವಾಲ್ವ್ ಅನ್ನು ಹಿಡಿದಿರುತ್ತದೆ, ಅದೂ ಒಂದು ಲಾಭ. ಇನ್ನು ದಿಕ್ಕು. ಸುತ್ತುಗಳು ಒಂದು ತುದಿಯಲ್ಲಿ ಒತ್ತೊತ್ತಾಗಿ ಇನ್ನೊಂದು ತುದಿಯಲ್ಲಿ ಬಿಡಿಬಿಡಿಯಾಗಿ ಇದ್ದರೆ, ಒತ್ತಾದ ತುದಿ ಹೆಡ್ ಕಡೆ ಇರಬೇಕು. ಒತ್ತಾದ ಭಾಗಕ್ಕೆ ತೂಕ ಜಾಸ್ತಿ, ಅದು ಅಲುಗಾಡದ ಕಡೆ ಇದ್ದರೆ ಸ್ಪ್ರಿಂಗ್ ಹಗುರವಾಗಿ ಓಡುತ್ತದೆ. ಎರಡೂ ತುದಿ ಒಂದೇ ತರ ಇದ್ದರೆ ಹೇಗೆ ಹಾಕಿದರೂ ಸರಿ.

ಪ್ರಶ್ನೆ: ಮಂಗಳೂರು. ಡೀಸೆಲ್ ಕಾರಿನ ಟೈಮಿಂಗ್ ಬೆಲ್ಟ್ ಹೆದ್ದಾರಿಯಲ್ಲಿ ತುಂಡಾಯಿತು. ಗ್ಯಾರೇಜಿನವರು ಪೂರ್ತಿ ಹೆಡ್ ಬದಲಾಯಿಸಬೇಕು ಅಂತಿದ್ದಾರೆ. ಬರೀ ವಾಲ್ವ್ ಹಾಕಿದರೆ ಆಗಲ್ವಾ?

ಉತ್ತರ: ಆಗಬಹುದು, ಬಿಚ್ಚಿ ನೋಡದೆ ಯಾರೂ ಹೇಳಲಾರರು. ಡೀಸೆಲ್ ಇಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್‌ಗೂ ಅದಕ್ಕೂ ಇರುವ ಜಾಗ ತುಂಬ ಕಡಿಮೆ. ಬೆಲ್ಟ್ ಹೋದರೆ ತೆರೆದಿದ್ದ ವಾಲ್ವ್‌ಗಳಿಗೆ ಪಿಸ್ಟನ್ ಬಂದು ಗುದ್ದುತ್ತದೆ. ಹೆಡ್ ಇಳಿಸಿದ ಮೇಲೆ ನೀವೇ ಹೋಗಿ ನಿಂತು ನೋಡಿ. ಪ್ರತಿ ವಾಲ್ವ್ ಕನ್ನಡಿ ಮೇಲೆ ಉರುಳಲಿ. ಗೈಡ್ ಬಿರುಕು ಬಿಟ್ಟಿದೆಯಾ, ಕ್ಯಾಮ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯಾ, ರಾಕರ್ ಮುರಿದಿದೆಯಾ, ಪಿಸ್ಟನ್ ತಲೆಯ ಮೇಲಿನ ಗುರುತು ಬರೀ ಕಲೆಯಾ ಅಥವಾ ಆಳದ ಗುಂಡಿಯಾ, ಇಷ್ಟು ನೋಡಿಸಿ. ಹೆಡ್‌ನಲ್ಲೇ ಬಿರುಕು ಇಲ್ಲದಿದ್ದರೆ ವಾಲ್ವ್, ಗೈಡ್, ಸೀಲ್ ಹಾಕಿ ಅದೇ ಹೆಡ್ ಉಳಿಸಬಹುದು. ಬೆಂಡ್ ಆದ ವಾಲ್ವ್ ನೆಟ್ಟಗೆ ಮಾಡಿ ಹಾಕುತ್ತೇವೆ ಅಂದರೆ ಒಪ್ಪಬೇಡಿ, ಒಮ್ಮೆ ಬಾಗಿದ ಕಡ್ಡಿ ಮುಂದೆ ತುಂಡಾಗುವುದು ಅಲ್ಲೇ. ಹಳೆ ವಾಲ್ವ್‌ಗಳನ್ನು ಮನೆಗೆ ಕೇಳಿ ತನ್ನಿ, ಆದರೆ ಮಕ್ಕಳು ಕುತೂಹಲಕ್ಕೂ ಅವನ್ನು ಕತ್ತರಿಸಬಾರದು. ಕೆಲವು ಇಂಜಿನ್‌ಗಳ ಎಕ್ಸಾಸ್ಟ್ ವಾಲ್ವ್ ಕಡ್ಡಿ ಟೊಳ್ಳಾಗಿದ್ದು ಒಳಗೆ ಸೋಡಿಯಂ ತುಂಬಿರುತ್ತದೆ, ಅದು ನೀರು ತಗುಲಿದರೆ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಹಾಸನದಿಂದ. ಹಳೆ ಎರಕದ ಇಂಜಿನ್ ಬುಲೆಟ್ 350ಕ್ಕೆ ಟ್ಯಾಪೆಟ್ ಗೇಜ್ ಎಷ್ಟು ಹಾಕಬೇಕು?

ಉತ್ತರ: ಅದಕ್ಕೆ ಗೇಜ್ ಬೇಡ, ಬೆರಳೇ ಗೇಜ್. ಇಂಜಿನ್ ಪೂರ್ತಿ ತಣ್ಣಗಿರುವಾಗ, ಕಂಪ್ರೆಷನ್‌ನಲ್ಲಿ ಪಿಸ್ಟನ್ ಮೇಲಿರುವಾಗ, ಸಿಲಿಂಡರ್ ಪಕ್ಕದ ಟ್ಯಾಪೆಟ್ ಕವರ್ ಬಿಚ್ಚಿ. ಪುಷ್ ರಾಡ್ (ಕ್ಯಾಮ್ ಒತ್ತಿದ್ದನ್ನು ಮೇಲಿನ ರಾಕರ್‌ಗೆ ಮುಟ್ಟಿಸುವ ಸರಳು) ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ತಿರುಗದೆ ಹಿಡಿದರೆ ಬಿಗಿ, ಮೇಲೆ ಕೆಳಗೆ ಆಡಿದರೆ ಸಡಿಲ. ಲಾಕ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಂದು ಸಲ ತಿರುಗಿಸಿ ನೋಡಿ, ಬಿಗಿ ಮಾಡುವಾಗಲೇ ಅದು ಬದಲಾಗುವುದು ಜಾಸ್ತಿ.